ಗೋಲಿಯಾತ್ ಜೇಡ ಊಟ ಬಿಟ್ಟಿದೆ: ಪೊರೆ ಕಳಚುವ ಮುನ್ನ ಮಣ್ಣು ಎಷ್ಟು ತೇವ ಇರಬೇಕು?

ಪ್ರಶ್ನೆ:
ನನ್ನ ಗೋಲಿಯಾತ್ ಜೇಡ (ಥೆರಫೋಸಾ ಬ್ಲಾಂಡಿ), ಹೆಣ್ಣು, ಕಾಲು ಚಾಚಿದರೆ 18 ಸೆಂ.ಮೀ. ಐದು ವಾರದಿಂದ ಜಿರಳೆ ಹಾಕಿದರೂ ಮುಟ್ಟುತ್ತಿಲ್ಲ. ಹೊಟ್ಟೆಯ ಮೇಲೆ ರೋಮ ಉದುರಿ ಬೋಳಾಗಿದ್ದ ಜಾಗ ಈಗ ಕಪ್ಪಗಾಗಿದೆ. ದಿನಾ ನೀರು ಚಿಮುಕಿಸಿದರೂ ಸಂಜೆಗೆ ಮಣ್ಣಿನ ಮೇಲ್ಪದರ ಒಣಗುತ್ತದೆ. ಗಾಜಿನ ಪೆಟ್ಟಿಗೆಯ ಗಾಳಿಯ ತೂತು ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಏನು ಮಾಡಲಿ?

ಉತ್ತರ 1:
ಆ ಕಪ್ಪು, ಹಳೆಯ ಚರ್ಮದಡಿ ಬೆಳೆದ ಹೊಸ ರೋಮದ್ದು. ಪೊರೆ ಬಿಡುವ ಹೊತ್ತು ಹತ್ತಿರವಾಗಿದೆ. ಮೊದಲು ತೂತು ತೆರೆಯಿರಿ. ವೆನೆಜುವೆಲಾ, ಸುರಿನಾಮ್, ಫ್ರೆಂಚ್ ಗಯಾನಾ, ಉತ್ತರ ಬ್ರೆಜಿಲ್‌ನ ಮಳೆಕಾಡಿನಲ್ಲಿ ಇದು ನೆಲದ ಬಿಲದಲ್ಲಿ ಬದುಕುತ್ತದೆ. ಅದಕ್ಕೆ ಬೇಕಾದದ್ದು ಬಿಲದ ತಳದ ತಂಪು. ಕಟ್ಟಿದ ಗಾಳಿಯಲ್ಲಿ ಬೂಸ್ಟು ಬೆಳೆದು ಜೇಡ ಸೊರಗುತ್ತದೆ.

ಚಿಮುಕಿಸುವುದು ಬಿಡಿ, ಅದು ಮೇಲಷ್ಟೇ ನೆನೆಯುತ್ತದೆ. ಬಿಲದಿಂದ ದೂರದ ಮೂಲೆಯಲ್ಲಿ ನೀರನ್ನು ನಿಧಾನವಾಗಿ ಸುರಿದು ತಳಕ್ಕೆ ಇಳಿಸಿ. ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೇಲೆ ಒಣಗಿದ್ದರೆ ತೊಂದರೆಯಿಲ್ಲ. ಮಣ್ಣು 20 ಸೆಂ.ಮೀ.ಗಿಂತ ಕಡಿಮೆಯಿದ್ದರೂ ಈಗ ಬದಲಿಸಬೇಡಿ, ಪೊರೆ ಮುಗಿದ ಮೇಲೆ ನೋಡಿ. ನೀರಿನ ತಟ್ಟೆ ಮಾತ್ರ ಸದಾ ತುಂಬಿರಲಿ. ಒಳಗೆ ನೀರಿನಂಶ ಸಾಲದ ಜೇಡದ ಕಾಲುಗಳು ಹಳೆಯ ಪೊರೆಯಲ್ಲೇ ಸಿಕ್ಕಿಕೊಳ್ಳುತ್ತವೆ.

ಉತ್ತರ 2:
ಉಳಿದ ಜಿರಳೆಗಳನ್ನೆಲ್ಲ ಇವತ್ತೇ ತೆಗೆಯಿರಿ. ಪೊರೆ ಬಿಡುವಾಗ ಮೆತ್ತಗಿರುವ ಜೇಡವನ್ನು ಅವು ಕಚ್ಚಿ ತಿನ್ನಬಹುದು. ಪೊರೆ ಬಿಡಲು ಜೇಡ ನೆಲದ ಮೇಲೆ ನೇಯುವ ಬಿಳಿ ರೇಷ್ಮೆ ಹಾಸು ಕಂಡರೆ ಬರಿಗೈ ಹಾಕಲೇಬೇಡಿ: ತನ್ನ ತುರಿಕೆ ರೋಮವನ್ನು ಜೇಡ ಆ ಹಾಸಿಗೇ ಅಂಟಿಸಿರುತ್ತದೆ. ಕಣ್ಣಿಗೆ ಹೋದರೆ ಉಜ್ಜದೆ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಚರ್ಮಕ್ಕೆ ತಗುಲಿದರೆ ಅಂಟುಪಟ್ಟಿ ಒತ್ತಿ ಎತ್ತಿ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆಯಿಂದ ಅಂಗಾತ ಮಲಗಿದೆ, ಅಲುಗಾಡುತ್ತಿಲ್ಲ. ಸತ್ತಿದೆಯೇ?

ಉತ್ತರ 1:
ಇಲ್ಲ, ಪೊರೆ ಬಿಡುವ ಭಂಗಿಯೇ ಅದು. ಸತ್ತ ಜೇಡ ಸಾಮಾನ್ಯವಾಗಿ ಕಾಲು ಮಡಚಿಕೊಂಡು ಹೊಟ್ಟೆ ಕೆಳಗಾಗಿ ಬಿದ್ದಿರುತ್ತದೆ. ಮುಟ್ಟಬೇಡಿ, ತಿರುಗಿಸಬೇಡಿ, ನೀರು ಚಿಮುಕಿಸಬೇಡಿ. ಇಷ್ಟು ದೊಡ್ಡದಕ್ಕೆ ಹಲವು ಗಂಟೆ ಹಿಡಿಯುತ್ತದೆ.

ಹೊರಬಂದಾಗ ವಿಷದ ಹಲ್ಲು ಬೆಳ್ಳಗೆ, ಮೆತ್ತಗೆ ಇರುತ್ತವೆ. ಆಗ ಗಟ್ಟಿ ಹುಳ ಕಚ್ಚಿದರೆ ಹಲ್ಲಿಗೆ ಪೆಟ್ಟಾಗುತ್ತದೆ. ಬಿಳಿ ಕೆಂಪಾಗಿ, ಆಮೇಲೆ ಪೂರ್ತಿ ಕಪ್ಪಾಗುವವರೆಗೆ ಊಟ ಹಾಕಬೇಡಿ. ಎರಡು ವಾರ ಬಿಟ್ಟು ಒಂದೇ ಒಂದು ಸಣ್ಣ ಜಿರಳೆ ಹಾಕಿ ನೋಡಿ. ಬೇಡವೆಂದರೆ ತೆಗೆದು ಇನ್ನೂ ಒಂದು ವಾರ ಕಾಯಿರಿ.

ಉತ್ತರ 3:
ಮಣ್ಣಿನಿಂದ ಮುಚ್ಚಳಕ್ಕೆ ಎಷ್ಟು ಎತ್ತರ? ಈ ಜಾತಿಗೆ ಕಾಲು ಚಾಚಿದಷ್ಟಕ್ಕಿಂತ ಹೆಚ್ಚು ಬೇಡ. ಗಾಜು ಹತ್ತಿ ಬಿದ್ದರೆ ಈ ಭಾರಕ್ಕೆ ಹೊಟ್ಟೆ ಒಡೆಯಬಹುದು. ಹೊಸ ಚರ್ಮ ಗಟ್ಟಿಯಾದ ಮೇಲೆ ಮಣ್ಣು ಏರಿಸಿ.