ಸಹಾಯ ಬೇಕು: ಪೀಣ್ಯದ ಗರ್ಭಕಂಠ ಕ್ಯಾನ್ಸರ್ ತಪಾಸಣೆಗೆ ಸಾಮಾನು, ನರ್ಸ್, ಸ್ವಯಂಸೇವಕರು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ ಭಾನುವಾರದ ತಪಾಸಣೆ ಶುರು ಮಾಡುತ್ತಿದ್ದೇವೆ. 30 ದಾಟಿದವರಿಗೆ ವಿಐಎ ವಿಧಾನ: ಗರ್ಭಕಂಠಕ್ಕೆ 5% ಅಸಿಟಿಕ್ ಆಮ್ಲ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಬಿಳಿ ಕಲೆ ಮೂಡಿದೆಯೇ ಎಂದು ನೋಡುವುದು.

ತುರ್ತಾಗಿ ಬೇಕಿರುವುದು ಕತ್ತು ಬಗ್ಗಿಸಬಹುದಾದ ಎರಡು ಎಲ್‌ಇಡಿ ಲ್ಯಾಂಪ್, ಬಿಳಿ ಬೆಳಕಿನವು. ಹಳದಿ ಬಲ್ಬ್ ಬೇಡವೇ ಬೇಡ, ಅದರಡಿ ತೆಳು ಕಲೆ ಕಣ್ತಪ್ಪಿ ಹೋಗುತ್ತದೆ. ಗರ್ಭಕಂಠ ಕಾಣುವಂತೆ ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ, ಅಂದರೆ ಸ್ಟೀಲಿನ ಕಸ್ಕೋ ಸ್ಪೆಕ್ಯುಲಮ್ 40 ಬೇಕು, ಹೆಚ್ಚಿನವು ಮೀಡಿಯಂ ಸೈಜು. ಬಿಸಿಯೇರಿ ಆರುವುದೂ ಸೇರಿ, ಹಬೆಯಲ್ಲಿ ಅವನ್ನು ಶುದ್ಧ ಮಾಡುವ ಆಟೋಕ್ಲೇವಿನ ಒಂದು ಸುತ್ತಿಗೆ ಸುಮಾರು ಗಂಟೆ ಹಿಡಿಯುತ್ತದೆ. ಸ್ಪೆಕ್ಯುಲಮ್ ಕಡಿಮೆ ಬಿದ್ದರೆ ಸಾಲು ಬೆಳೆಯುತ್ತದೆ, ಅರೆಬರೆ ಶುದ್ಧ ಮಾಡಿ ಬಳಸುವ ಒತ್ತಡ ಬರುತ್ತದೆ. ಅದಕ್ಕೆ ಅವಕಾಶವೇ ಇರಬಾರದು.

ದ್ರಾವಣ ಅಂದಂದೇ ತಯಾರಾಗಬೇಕು: 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ. ನೀರು ಬೆರೆಸದ ಆಮ್ಲ ತಾಗಿದರೆ ಸುಟ್ಟ ಗಾಯವಾಗುತ್ತದೆ. ಅಳತೆ, ಲೇಬಲ್ ನೋಡಿಕೊಳ್ಳಲು ಫಾರ್ಮಸಿಸ್ಟ್ ಒಬ್ಬರು ಸಿಕ್ಕರೆ ದೊಡ್ಡ ಉಪಕಾರ. ವಿಐಎ ತರಬೇತಿಯಾದ ಸ್ಟಾಫ್ ನರ್ಸ್ ಇಬ್ಬರೂ ಬೇಕು.

ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಸಾಮಾನ್ಯವಾಗಿ ಒಳಗೆ ಸರಿದಿರುತ್ತದೆ. ಅವರಿಗೆ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಯೇ ಸರಿ. ರಿಯಾಯಿತಿಯಲ್ಲಿ ಮಾಡಿಕೊಡುವ ಲ್ಯಾಬ್ ಗೊತ್ತಿದ್ದರೆ ತಿಳಿಸಿ.

ಎಲ್ಲಕ್ಕಿಂತ ಕಷ್ಟದ್ದು ಮುಂದಿನ ಹೆಜ್ಜೆ. ಪಾಸಿಟಿವ್ ಬಂದವರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು, ಆದರೆ ಒಂದು ದಿನದ ಸಂಬಳ ಕಡಿತವಾಗುತ್ತದೆಂದು ಮುಂದೂಡುತ್ತಾರೆ. ಫೋನ್ ಮಾಡಿ ನೆನಪಿಸಿ, ಜೊತೆಗೇ ಹೋಗಿಬರುವ ಅಕ್ಕಂದಿರು ಬೇಕು. ಹಿಂದಿ, ಒಡಿಯಾ ಬಂದರೆ ಇನ್ನೂ ಒಳ್ಳೆಯದು. ಬರಬಲ್ಲವರು ಯಾವ ಭಾನುವಾರ ಬಿಡುವಿದೆ ಎಂದು ಇಲ್ಲೇ ಬರೆಯಿರಿ.