ಪದಚರ್ಚೆ: ‘ಅವಿಭಾಜ್ಯ’ ಸಂಖ್ಯೆಯೋ, ‘ಒಡೆಯದ’ ಸಂಖ್ಯೆಯೋ?

ಗೆಳೆಯರೇ, ನಮಸ್ಕಾರ.

ದೊಡ್ಡ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮಕ್ಕಳಿಗಾಗಿ ಒಂದು ಪುಟ ಬರೆಯಲು ಕೂತೆ. ಮೊದಲ ಪದದಲ್ಲೇ ಸಿಕ್ಕಿಹಾಕಿಕೊಂಡೆ.

‘ಅವಿಭಾಜ್ಯ ಅಂಗ’ ಎಂದರೆ ಬೇರ್ಪಡಿಸಲಾಗದ್ದು, ಸರಿ. ಆದರೆ ಅವಿಭಾಜ್ಯ ಸಂಖ್ಯೆಯಾದ 7ನ್ನು 2ರಿಂದ ಭಾಗಿಸಬಹುದು ಅಲ್ವಾ? ಮೂರೂವರೆ ಬರುತ್ತದೆ. ನಾವು ಹೇಳಲು ಹೊರಟಿದ್ದು ಬೇರೆ: ತನಗಿಂತ ಚಿಕ್ಕ ಎರಡು ಪೂರ್ಣಸಂಖ್ಯೆಗಳ ಗುಣಲಬ್ಧವಾಗಿ ಅದು ಒಡೆಯುವುದಿಲ್ಲ ಎಂದು. 91 ಒಡೆಯುತ್ತದೆ, 7 × 13. 97 ಒಡೆಯುವುದಿಲ್ಲ. (1 ಕೂಡ ಒಡೆಯುವುದಿಲ್ಲ, ಆದರೂ ಅದನ್ನು ಹೊರಗಿಟ್ಟಿದ್ದಾರೆ. ಈ ತೊಡಕು ಯಾವ ಪದ ಇಟ್ಟರೂ ಹೋಗುವುದಿಲ್ಲ.)

ನನ್ನ ನಿಜವಾದ ತಕರಾರು ದೊಡ್ಡ ಸಂಖ್ಯೆಗಳಲ್ಲಿದೆ. ‘ಅವಿಭಾಜ್ಯ’ ಎಂದ ಕೂಡಲೇ ಯಾರೋ ಕೂತು ಒಂದೊಂದಾಗಿ ಭಾಗಿಸಿ ನೋಡಿದ್ದಾರೆ ಅನ್ನಿಸುತ್ತದೆ. ಹಾಗೇನೂ ಇಲ್ಲ. 2ರ 67ನೇ ಘಾತದಿಂದ 1 ಕಳೆದರೆ 21 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯ ಅಲ್ಲ ಎಂದು ಗಣಿತಜ್ಞ ಲೂಕಾ 1876ರಲ್ಲೇ ತೋರಿಸಿದ್ದ, ಒಂದು ಅಪವರ್ತನವೂ ಕೈಗೆ ಸಿಗದೆ! ಅದು ಹೇಗೆ ಒಡೆಯುತ್ತದೆ ಎಂದು ತಿಳಿದದ್ದು 1903ರಲ್ಲಿ, ಕೋಲ್ ಎಂಬ ಇನ್ನೊಬ್ಬ ಗಣಿತಜ್ಞನಿಂದ: 193707721 × 761838257287.

2024ರಲ್ಲಿ ಸಿಕ್ಕಿದ ದೊಡ್ಡ ಅವಿಭಾಜ್ಯ ಸಂಖ್ಯೆ ಎಂದರೆ 2ರ 136279841ನೇ ಘಾತದಿಂದ 1 ಕಳೆದ ಸಂಖ್ಯೆ. 4,10,24,320 ಅಂಕಿಗಳು. ಇಂಥವನ್ನು ಖಚಿತಪಡಿಸುವ ಕ್ರಮವನ್ನು ಚಿಕ್ಕದಾದ 31ರ ಮೇಲೆ ನೋಡಿ. 31 ಎಂದರೆ 2ರ 5ನೇ ಘಾತದಿಂದ 1 ಕಳೆದದ್ದು. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 4, 14, 8, 0. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂತು, ಹಾಗಾಗಿ ಅವಿಭಾಜ್ಯ. ಇಲ್ಲಿ 31 ಭಾಜ್ಯವೇ ಅಲ್ಲ, ಭಾಜಕ! ಅದನ್ನು ಯಾರೂ ಭಾಗಿಸಲಿಲ್ಲ, ಅದರಿಂದ ಭಾಗಿಸಿದರು. ಪದ ಹೇಳುವುದು ಒಂದು, ನಡೆಯುವುದು ಅದರ ತಿರುಗುಮುರುಗು.

ಹಾಗಾಗಿ ‘ಒಡೆಯದ ಸಂಖ್ಯೆ’ ಎಂದು ಬರೆದು ನೋಡಿದೆ. ಓದಲು ಸಲೀಸು. ಆದರೆ ಮೊದಲ ಸಲ ಓದುವವರಿಗೆ ‘ಒಡೆಯ’ ಅಂದರೆ ಯಜಮಾನ ಕಣ್ಣಿಗೆ ಬೀಳುತ್ತಾನೋ ಏನೋ.

ಇನ್ನೊಂದು ಚಿಕ್ಕ ವಿಷಯ. ‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆ’ ಎಂದು ಬರೆಯುವುದು ತಪ್ಪೇ. ಇವಕ್ಕೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎಂದೋ ತೋರಿಸಿದ್ದಾನೆ. ‘ಈವರೆಗೆ ಗೊತ್ತಿರುವುದರಲ್ಲಿ ದೊಡ್ಡದು’ ಎಂದರೆ ಉದ್ದವಾಯಿತು, ಆದರೆ ನಿಜ.

ಈಗ ಪ್ರಶ್ನೆ. 8 ಮತ್ತು 9 ಎರಡೂ ಒಡೆಯುತ್ತವೆ, ಆದರೆ ಒಟ್ಟಿಗೆ ಇಟ್ಟರೆ ‘ಸಹ ಅವಿಭಾಜ್ಯ’, ಅಂದರೆ 1 ಬಿಟ್ಟರೆ ಎರಡಕ್ಕೂ ಸಮಾನವಾದ ಅಪವರ್ತನ ಇಲ್ಲ. ನನ್ನ ಪದ ಇಟ್ಟುಕೊಂಡರೆ ಈ ಜೋಡಿಯನ್ನು ಏನೆಂದು ಕರೆಯಲಿ? ‘ಸಹ ಒಡೆಯದ’ ಅಂತೂ ಕಿವಿಗೆ ಹಿಡಿಸುತ್ತಿಲ್ಲ.