ಪೀನಟ್ ಬಟರ್ ಬಾರ್ ಮೇಲಿನ ಚಾಕಲೇಟ್ ಎದ್ದು ಬರ್ತದೆ, ಸಹಾಯ ಬೇಕು

ನಮಸ್ಕಾರ, ಉಡುಪಿಯಿಂದ. ಓವನ್ ಇಲ್ಲದೆ ಮಾಡುವ ಪೀನಟ್ ಬಟರ್ ಬಾರ್ ಉಂಟಲ್ಲ, ಮಾರಿ ಬಿಸ್ಕೆಟ್ ಪುಡಿ, ಬೆಣ್ಣೆ, ಸಕ್ಕರೆ ಪುಡಿ, ಪೀನಟ್ ಬಟರ್ ಎಲ್ಲ ಕಲಸಿ ಟ್ರೇಗೆ ಒತ್ತಿ ಮೇಲಿಂದ ಕರಗಿಸಿದ ಡಾರ್ಕ್ ಚಾಕಲೇಟ್ ಹೊಯ್ದು ಫ್ರಿಜ್ಜಲ್ಲಿ ಇಡುದು, ಅಷ್ಟೇ ಕೆಲಸ. ರುಚಿಗೆ ಎಂತ ಹೇಳುವ ಹಾಗಿಲ್ಲ, ಮಕ್ಕಳು ಟ್ರೇ ಸಮೇತ ನೆಕ್ಕಿದ್ದಾರೆ.

ಆದ್ರೆ ಕಟ್ ಮಾಡುವಾಗ ಚಾಕಲೇಟ್ ಪದರ ಟಕ್ ಅಂತ ಒಡೆದು ಹಂಚಿನ ಹಾಗೆ ಎದ್ದು ಬರ್ತದೆ ಮಾರಾಯ್ರೆ, ಹೊರಗಿಟ್ರೆ ಈ ಸೆಕೆಗೆ ಬೆವರಿ ಕೈಗೆಲ್ಲ ಅಂಟು. ಚಾಕು ಬಿಸಿ ನೀರಲ್ಲಿ ಅದ್ದಿ ಒರೆಸಿ ಕಟ್ ಮಾಡಿದೆ, ಸ್ವಲ್ಪ ವಾಸಿ. ಚಾಕಲೇಟಿಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿದ್ರೆ ಒಡೆಯುದಿಲ್ಲ, ಆದ್ರೆ ಇನ್ನೂ ಬೇಗ ಕರಗ್ತದೆ, ತೆಂಗಿನೆಣ್ಣೆ 24 ಡಿಗ್ರಿಗೇ ನೀರಾಗುದಲ್ವಾ, ನಮ್ಮೂರಲ್ಲಿ ಅದು ಗಟ್ಟಿ ಆಗುದೇ ಅಪರೂಪ. ಅಂಗಡಿಯವರು ಕಾಂಪೌಂಡ್ ಚಾಕಲೇಟ್ ತಕೊಳ್ಳಿ, ಅದ್ರಲ್ಲಿ ಕೋಕೋ ಬಟರ್ ಬದಲು ಬೇರೆ ಕೊಬ್ಬು, ಸೆಕೆಗೆ ತಡೀತದೆ ಅಂದ್ರು. ತಡೆಯುದೇನೋ ಹೌದು, ಆದ್ರೆ ತಿಂದ ಮೇಲೆ ನಾಲಿಗೆಯೆಲ್ಲ ಜಿಡ್ಡು, ನನಗೆ ಹಿಡಿಸಲಿಲ್ಲ.

ಭಾನುವಾರ ಮನೆಗೆ ನೆಂಟರು ಬರುದುಂಟು. ಡಾರ್ಕ್ ಚಾಕಲೇಟಿಗೆ ಎಣ್ಣೆ ಬದಲು ಸ್ವಲ್ಪ ಪೀನಟ್ ಬಟರನ್ನೇ ಸೇರಿಸಿದ್ರೆ ಒಡೆಯದೆ ನಿಲ್ತದಾ, 200 ಗ್ರಾಂ ಚಾಕಲೇಟಿಗೆ ಎಷ್ಟು ಚಮಚ ಹಾಕ್ಬೇಕು? ಮಂಗಳೂರು-ಉಡುಪಿ ಸೆಕೆಯಲ್ಲೇ ಮಾಡಿ ನೋಡಿದವರು ಹೇಳಿ ಪ್ಲೀಸ್.